ಅಕ್ವಿಲಣ್ಣನ ಹೆಂಡತಿ

ಗುಡಾರ ಹೊಲಿಯುವವರಿಗೆ ಚರ್ಚಿನಲ್ಲಿ ಅಡ್ಡಹೆಸರು ಹುಡುಕಲು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸತ್ಯವೇದದಲ್ಲಿ ಅಂಥ ಜೋಡಿಯೊಂದು ಆಗಲೇ ಇದೆ: ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಅಪೊಸ್ತಲನಾದ ಪೌಲನಿಗೆ ತಮ್ಮ ಮನೆಯಲ್ಲಿ ಜಾಗ ಕೊಟ್ಟವರು, ಅವನ ಜೊತೆ ಕೂತು ದಪ್ಪ ಬಟ್ಟೆಗೆ ಸೂಜಿ ಚುಚ್ಚಿದವರು. ಹಾಗಾಗಿ ಲಾರಿಗೆ ಟಾರ್ಪಾಲು, ಮದುವೆಗೆ ಶಾಮಿಯಾನ ಹೊಲಿದುಕೊಡುವ ಅಂಗಡಿಯ ಹುಡುಗ ಮದುವೆಯಾದ ದಿನ, ಆಗಿನ ಮುದುಕ ಸಭಾಪಾಲಕರು ಅವನ ಬೆನ್ನು ತಟ್ಟಿ "ಇಗೋ ನಮ್ಮ ಅಕ್ವಿಲ" ಎಂದರು. ವಧುವನ್ನು ತೋರಿಸಿ "ಇಗೋ ನಮ್ಮ ಪ್ರಿಸ್ಕಿಲ್ಲ" ಎಂದರು. ಜನ ನಕ್ಕರು, ಊಟಕ್ಕೆ ಎದ್ದರು.

ಅಕ್ವಿಲ ಎಂಬುದು ಅಂಟಿಕೊಂಡಿತು. ಅವನು ಸಭೆಯ ಹಿರಿಯರಲ್ಲಿ ಒಬ್ಬನಾದ ಮೇಲೆ ಅಕ್ವಿಲಣ್ಣ ಆಯಿತು. ಪ್ರಿಸ್ಕಿಲ್ಲ ಎಂಬ ಹೆಸರು ಮಾತ್ರ ಮದುವೆಯ ಹೂವಿನ ಜೊತೆಗೇ ಬಾಡಿ ಎಲ್ಲೋ ಹೋಯಿತು. ಆಕೆ ಎಲ್ಲರ ಬಾಯಲ್ಲೂ ಅಕ್ವಿಲಣ್ಣನ ಹೆಂಡತಿಯಾದಳು. ಸದ್ಯಕ್ಕೆ ನಾನೂ ಹಾಗೇ ಕರೆಯುತ್ತೇನೆ.

ಮನೆಯ ಕೆಳಭಾಗವೇ ಅಂಗಡಿ. ಮೇಣ ಹಚ್ಚಿದ ದಾರ, ಸುತ್ತಿಟ್ಟ ಕ್ಯಾನ್ವಾಸು, ಹಗ್ಗ ಪೋಣಿಸಲು ಅಂಚಿಗೆ ಬಡಿಯುವ ಹಿತ್ತಾಳೆ ಬಳೆಗಳು, ಎರಡು ಭಾರಿ ಹೊಲಿಗೆ ಯಂತ್ರ. ನಡುವೆ ಉದ್ದನೆಯ ಕತ್ತರಿಸುವ ಮೇಜು. ಗಿರಾಕಿಗಳ ಜೊತೆ ಮಾತು, ಅಳತೆಗೆ ಓಡಾಟ, ಸಾಮಾನು ಮುಟ್ಟಿಸುವುದು ಅಕ್ವಿಲಣ್ಣನ ಕೆಲಸ. ಯಂತ್ರದ ಮುಂದೆ ಮಗ. ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಹಾಕುವವಳು ಆಕೆ. ಆಕೆ ಗಿಡ್ಡ, ಮೇಜು ಎತ್ತರ. ಮದುವೆಯಾದ ಹೊಸದರಲ್ಲಿ ಗಂಡನೇ ಹಲಗೆ ಕೊಯ್ದು ಒಂದು ಮಣೆ ಮಾಡಿಕೊಟ್ಟಿದ್ದ. ಕೂರುವ ಮಣೆಯಲ್ಲ, ನಿಲ್ಲುವ ಮಣೆ. ಇವತ್ತಿಗೂ ಅದರ ಮೇಲೆ ನಿಂತೇ ಆಕೆ ಕತ್ತರಿ ಹಿಡಿಯುವುದು. ಅದರ ನಡುಭಾಗ ಆಕೆಯ ಪಾದಕ್ಕೆ ಸವೆದು ನುಣ್ಣಗಾಗಿದೆ.

ಒಂದು ಭಾನುವಾರ ಮಧ್ಯಾಹ್ನದ ಊಟ ಮುಗಿದು, ಸೊಸೆ ಪಾತ್ರೆ ಎತ್ತುತ್ತಿದ್ದಾಗ ಸಭಾಪಾಲಕರು ಬಂದರು. ಮುದುಕರು ಎಂದೋ ತೀರಿಹೋಗಿದ್ದರು. ಇವರು ಹೊಸಬರು, ಇನ್ನೂ ಮೂವತ್ತು ದಾಟದವರು, ಕುರ್ಚಿ ಬೇಡವೆಂದು ಕ್ಯಾನ್ವಾಸಿನ ಸುರುಳಿಯ ಮೇಲೇ ಕೂತರು.

"ಬರೋ ತಿಂಗಳು ಸ್ತ್ರೀಯರ ಭಾನುವಾರ ಅಲ್ವಾ ಅಣ್ಣ, ಅದಕ್ಕೇ ಬಂದೆ," ಎಂದರು.

ಸ್ತ್ರೀಯರ ಭಾನುವಾರ ವರ್ಷಕ್ಕೊಮ್ಮೆ ಬರುತ್ತದೆ. ಸತ್ಯವೇದದ ಪಾಠ ಓದುವುದೊಂದು ಬಿಟ್ಟರೆ ಆ ದಿನದ ಆರಾಧನೆ ಪೂರ್ತಿ ಹೆಂಗಸರದ್ದು. ಹಾಡು ಅವರದು, ಪ್ರಾರ್ಥನೆ ಅವರದು, ಕಾಣಿಕೆ ತಟ್ಟೆ ಹಿಡಿಯುವವರೂ ಅವರೇ. ಪ್ರಸಂಗಕ್ಕೆ, ಅಂದರೆ ಪೀಠದಲ್ಲಿ ನಿಂತು ಉಪದೇಶ ಮಾಡಲು, ಹೊರಗಿನಿಂದ ಯಾರಾದರೂ ಹೆಸರುವಾಸಿ ಹೆಂಗಸನ್ನು ಕರೆಸುತ್ತಾರೆ. ಆಮೇಲೆ ಇಡೀ ಸಭೆಗೆ ಊಟ. ಅದನ್ನು ಬೇಯಿಸುವವರೂ ಹೆಂಗಸರೇ! ಹೆಂಗಸರನ್ನು ಗೌರವಿಸುವ ದಿನ ಅವರಿಗೆ ಬೇರೆ ದಿನಕ್ಕಿಂತ ಇಮ್ಮಡಿ ದುಡಿತ ಎಂಬುದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಅಡುಗೆಯ ಉಸ್ತುವಾರಿ ಯಾವತ್ತೂ ಅಕ್ವಿಲಣ್ಣನ ಹೆಂಡತಿಯದೇ. ಆ ದಿನದ ಪ್ರಸಂಗ ಒಂದನ್ನೂ ಆಕೆ ಕೊನೆಯವರೆಗೆ ಕೇಳಿದವಳಲ್ಲ. ಅರ್ಧದಲ್ಲೇ ಎದ್ದು ಒಲೆ ನೋಡಲು ಹೋಗಬೇಕಾಗುತ್ತಿತ್ತು.

"ಅಡುಗೆ ಬಗ್ಗೆ ಯೋಚ್ನೆ ಬೇಡ ಪಾಸ್ಟರ್, ಇವಳಿದ್ದಾಳೆ," ಎಂದ ಅಕ್ವಿಲಣ್ಣ.

"ಅಡುಗೆ ಅಲ್ಲ. ಈ ಸಲ ಹೊರಗಿನವರು ಬೇಡ ಅಂತ ಸ್ತ್ರೀಯರ ಕೂಟದವರು ತೀರ್ಮಾನ ಮಾಡಿದ್ದಾರೆ. ಅಮ್ಮನವರೇ ಪ್ರಸಂಗ ಮಾಡ್ಬೇಕಂತೆ."

ಅಕ್ವಿಲಣ್ಣ ಸುತ್ತಲೂ ನೋಡಿದ. "ಯಾವ ಅಮ್ಮನವರು?"

"ನಿಮ್ಮ ಮನೆಯವರು."

ಅಕ್ವಿಲಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲ. ಅದನ್ನು ಅವನು ತಡವಾಗಿ ಗಮನಿಸಿದ.

ನಡೆದದ್ದು ಇಷ್ಟು. ಸ್ತ್ರೀಯರ ಬುಧವಾರದ ಕೂಟದಲ್ಲಿ ಒಂದು ದಿನ ಸತ್ಯವೇದದ ದೊರ್ಕಳ ಮಾತು ಬಂದಿತ್ತು. ಬಡ ವಿಧವೆಯರಿಗೆ ಅಂಗಿ ಹೊಲಿದು ಕೊಡುತ್ತಿದ್ದ ಹೆಂಗಸು. ಅವಳು ಸತ್ತಾಗ ಅಪೊಸ್ತಲನಾದ ಪೇತ್ರನ ಸುತ್ತ ನಿಂತು ಆ ವಿಧವೆಯರು ಅಳುತ್ತಾ ಅವಳು ಹೊಲಿದ ಬಟ್ಟೆಗಳನ್ನು ತೋರಿಸಿದರಂತೆ. ಅಕ್ವಿಲಣ್ಣನ ಹೆಂಡತಿ ಕೈಯಲ್ಲಿದ್ದ ಹೊಲಿಗೆ ಬಿಡದೆ, "ಬಟ್ಟೆ ತೋರಿಸಿದ್ರು ಅಂದ್ರೆ ಮೇಲ್ಗಡೆ ತೋರಿಸಿರಲ್ಲ. ಮಗುಚಿ ಒಳಗಡೆ ತೋರಿಸಿರ್ತಾರೆ. ಹೊಲಿದವಳ ಮನಸ್ಸು ಗೊತ್ತಾಗೋದು ಒಳಗಡೆ ಹೊಲಿಗೇಲಿ," ಎಂದಿದ್ದಳು. ಕೂಟದ ಹೆಂಗಸರು ಅದನ್ನು ಮರೆಯಲಿಲ್ಲ.

"ಯೋಚ್ನೆ ಮಾಡಿ ಹೇಳ್ತೀನಿ ಪಾಸ್ಟರ್," ಎಂದಳು ಆಕೆ.

ಸಭಾಪಾಲಕರು ಬೀದಿಯ ತಿರುವು ದಾಟುವುದೇ ತಡ, ಜಗಳ ಶುರುವಾಯಿತು.

"ಯೋಚ್ನೆ ಮಾಡ್ತೀನಿ ಅಂದ್ಯಲ್ಲ, ಏನಿದೆ ಅದರಲ್ಲಿ ಯೋಚ್ನೆ ಮಾಡೋಕೆ?"

"ಏನು ಮಾತಾಡೋದು ಅಂತ."

"ಓಹೋ! ಒಪ್ಪಿಕೊಂಡೇಬಿಟ್ಟಿದ್ದೀಯ. ಹೆಂಗಸರು ಸಭೆಯಲ್ಲಿ ಸುಮ್ಮನಿರ್ಬೇಕು ಅಂತ ಪೌಲನೇ ಬರೆದಿದ್ದಾನೆ, ಗೊತ್ತಾ?"

ಒಳಗಿನಿಂದ ಸೊಸೆ ಒದ್ದೆ ಕೈಯಲ್ಲೇ ಬಂದಳು. ಸೊಸೆಗೆ ರೈಲ್ವೆ ನಿಲ್ದಾಣದಲ್ಲಿ ಪ್ರಕಟಣೆ ಮಾಡುವ ಕೆಲಸ. ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆಂದು ಧ್ವನಿವರ್ಧಕದಲ್ಲಿ ಹೇಳುವವಳು ಅವಳು.

"ಮಾವ, ನಾನು ಎರಡನೇ ಪ್ಲಾಟ್‌ಫಾರಂ ಅಂದ್ರೆ ನಿಲ್ದಾಣದ ಗಂಡಸರೆಲ್ಲ ಗಂಟು ಮೂಟೆ ಹೊತ್ಕೊಂಡು ಎರಡಕ್ಕೇ ಓಡ್ತಾರೆ. ಹೆಣ್ಣು ಹೇಳಿದ್ದು, ನಾವು ಹೋಗಲ್ಲ ಅಂತ ಒಬ್ಬರೂ ನಿಂತಿದ್ದು ನಾನು ನೋಡಿಲ್ಲ."

"ಅದು ರೈಲು. ಇದು ದೇವರ ಮನೆ."

"ರೈಲಾದ್ರೆ ತಪ್ಪಿದ್ರೆ ಇನ್ನೊಂದು ಬರುತ್ತೆ," ಎಂದ ಮಗ. ಯಾರ ಪರವಾಗಿ ಹೇಳಿದನೋ ಅವನಿಗೇ ಗೊತ್ತಿರಲಿಲ್ಲ. ಇಬ್ಬರೂ ಅವನನ್ನು ದುರುಗುಟ್ಟಿ ನೋಡಿದರು.

ಅಕ್ವಿಲಣ್ಣನ ಹೆಂಡತಿ ಮೇಜಿನ ಮೇಲಿನ ಬಟ್ಟೆಯ ಚೂರುಗಳನ್ನು ಒಟ್ಟು ಮಾಡುತ್ತಾ ಹೇಳಿದಳು: "ನಾನೇನು ಆ ಪ್ರಸಂಗಪೀಠ ಹತ್ತದವಳಲ್ಲ. ಪ್ರತಿ ಶನಿವಾರ ಹತ್ತುತ್ತೀನಿ. ಪೊರಕೆ ಹಿಡ್ಕೊಂಡು. ಅದರ ಮೇಲಿನ ಹೊದಿಕೆ ಹೊಲಿದಿದ್ದು ನಾನು, ಒಗೆದು ಹಾಕೋದು ನಾನು. ಪೊರಕೆ ಹಿಡ್ಕೊಂಡು ಹತ್ತಿದ್ರೆ ಯಾರೂ ಪೌಲನ್ನ ಕರೆಯಲ್ಲ. ಸತ್ಯವೇದ ಹಿಡ್ಕೊಂಡು ಹತ್ತಿದ್ರೆ ಮಾತ್ರ ಕರೀಬೇಕಾ?"

ಆಗ ಅಕ್ವಿಲಣ್ಣನ ಬಾಯಿಂದ ನಿಜ ಹೊರಬಿತ್ತು. "ನೀನು ಅಲ್ಲಿ ನಿಂತು ತಡವರಿಸ್ತೀಯ. ಜನ ನಗ್ತಾರೆ. ನಗೋದು ಯಾರನ್ನ? ಅಕ್ವಿಲಣ್ಣನ ಹೆಂಡ್ತಿ ಅಂತ ನನ್ನನ್ನ."

"ಚೆನ್ನಾಗಿ ಮಾತಾಡಿದ್ರೆ?"

ನನ್ನ ಕೇಳಿದರೆ, ಅವನಿಗೆ ಹೆಚ್ಚು ಭಯವಿದ್ದದ್ದು ಅದರದೇ.

ಅಂದಿನಿಂದ ಅಕ್ವಿಲಣ್ಣನ ಮುನಿಸು. ಅವನ ಮುನಿಸಿಗೆ ಒಂದು ರೀತಿ ಇತ್ತು. ಊಟ ಬಿಡುತ್ತಿರಲಿಲ್ಲ, ಹಸಿವು ಅವನಿಗೆ ಆಗದು. ಎರಡನೇ ಸಲ ಬಡಿಸಲು ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎನ್ನುವುದು, ಅಷ್ಟೇ. ಆಕೆ ಆ ಬೆರಳ ಸಂದಿಯಲ್ಲೇ ಒಂದು ಸೌಟು ಅನ್ನ ಬೀಳಿಸಿ ಮುಂದೆ ಹೋಗುತ್ತಿದ್ದಳು. ಕೈಯೆಲ್ಲ ಅನ್ನ ಮಾಡಿಕೊಂಡು ಅವನು ಬೈಯುತ್ತಾ ತಿನ್ನುತ್ತಿದ್ದ. ಮೊಮ್ಮಗಳಿಗೆ ಅದೊಂದು ಆಟದಂತೆ. ತಾತ ಯಾವಾಗ ಕೈ ಅಡ್ಡ ಇಡುತ್ತಾನೆಂದು ಕಾಯುತ್ತಾ ಕೂರುವಳು.

ಮುಂದಿನ ವಾರ ಪೆಟ್ಟು ಬಿದ್ದದ್ದು ಈ ಮೊಮ್ಮಗಳಿಂದಲೇ.

ಸಂಜೆಯ ಊಟಕ್ಕೆ ಮುಂಚೆ ಮನೆಯಲ್ಲಿ ಪ್ರಾರ್ಥನೆ, ವೇದಪಾಠ. ಓದುವುದು ಅಕ್ವಿಲಣ್ಣ. ಚರ್ಚಿನಲ್ಲೂ ಪಾಠ ಓದುವವನು ಅವನೇ. ಅವನ ಕಂಠ ಅಂಥದ್ದು, ಕೊನೆಯ ಬೆಂಚಿಗೂ ಕೇಳಿಸುವ ಗಂಭೀರ ಕಂಠ. ಅಂದು ರೋಮಾಪುರದವರಿಗೆ ಪೌಲ ಬರೆದ ಪತ್ರದ ಕೊನೆಯ ಅಧ್ಯಾಯ. ಅಲ್ಲಿ ಪೌಲ ಒಬ್ಬೊಬ್ಬರ ಹೆಸರು ಹಿಡಿದು ವಂದನೆ ಹೇಳುತ್ತಾನೆ. ಬೇರೆಯವರು ಸರಸರ ಓದಿ ಮುಗಿಸುವ ಆ ಭಾಗ ಅಕ್ವಿಲಣ್ಣನಿಗೆ ಬಲು ಪ್ರೀತಿ. ತನ್ನ ಹೆಸರು ಬರುವುದು ಅಲ್ಲಿ. ಕಣ್ಣು ಅರೆ ಮುಚ್ಚಿ, ಗಂಟಲು ಸರಿಮಾಡಿಕೊಂಡು, ಬಾಯಿಪಾಠದಂತೆ, ಅಕ್ವಿಲನಿಗೂ ಪ್ರಿಸ್ಕಿಲ್ಲಳಿಗೂ ವಂದನೆ ಎಂದು ಓದಿದ.

"ತಾತ, ತಪ್ಪು ಓದಿದ್ರಿ," ಎಂದಳು ಪಕ್ಕದಲ್ಲಿ ಪುಸ್ತಕದ ಅಂಚು ಹಿಡಿದಿದ್ದ ಹುಡುಗಿ.

"ಏನು ತಪ್ಪು?"

"ಇಲ್ಲಿ ಪ್ರಿಸ್ಕಿಲ್ಲ ಮೊದಲು ಇದೆ. ಅಕ್ವಿಲ ಆಮೇಲೆ."

ಅಕ್ವಿಲಣ್ಣ ಕಣ್ಣು ಪೂರ್ತಿ ತೆರೆದ. ಕನ್ನಡಕ ಹಾಕಿಕೊಂಡ. ಮಗ ಬಗ್ಗಿ ನೋಡಿದ, ಸೊಸೆ ಬಗ್ಗಿ ನೋಡಿದಳು. ಹೌದು. ಹೆಂಡತಿಯ ಹೆಸರು ಮೊದಲು, ಗಂಡನದು ಆಮೇಲೆ. ಇಷ್ಟು ವರ್ಷ ಅವನ ನಾಲಿಗೆ ತನ್ನಷ್ಟಕ್ಕೆ ತಾನೇ ಗಂಡನನ್ನು ಮುಂದೆ ನಿಲ್ಲಿಸಿ ಓದಿಬಿಟ್ಟಿತ್ತು. ಕೇಳಿದವರ ಕಿವಿಯೂ ಅದಕ್ಕೇ ಒಗ್ಗಿಹೋಗಿತ್ತು.

"ಯಾವುದು ಮೊದಲಾದ್ರೇನು, ಇಬ್ಬರಿಗೂ ವಂದನೆ ತಾನೇ?"

"ಯಾವುದಾದ್ರೂ ಒಂದೇ ಅಂದ್ರೆ ಇರೋ ಹಾಗೇ ಓದ್ಬಹುದಲ್ಲ ತಾತ?"

ಸೊಸೆ ತುಟಿ ಕಚ್ಚಿ ನಗು ತಡೆದಳು. ಅಕ್ವಿಲಣ್ಣ ಹೆಂಡತಿಯ ಕಡೆ ತಿರುಗಿದ. ಆಕೆ ನಗುತ್ತಿರಲಿಲ್ಲ. ಅದೇ ಅವನಿಗೆ ಅನುಮಾನ ತಂದಿತು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿನಿಂದ?"

"ಮದುವೆಯಾದ ವರ್ಷದಿಂದ. ನನಗೂ ಓದೋಕೆ ಬರುತ್ತಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಅಷ್ಟು ಖುಷಿಯಾಗಿ ಓದ್ತಿದ್ರಿ. ಹಾಳು ಮಾಡೋದು ಯಾಕೆ ಅಂತ ಬಿಟ್ಟೆ."

ಅಕ್ವಿಲಣ್ಣ ಪುಸ್ತಕ ಮುಚ್ಚಿ ಎದ್ದುಹೋದ. ಹೆಂಡತಿ ತಿದ್ದಿದ್ದರೆ ಅಷ್ಟು ನೋಯುತ್ತಿರಲಿಲ್ಲ, ಕನಿಕರ ತೋರಿಸಿದ್ದು ನೋಯಿತು. ಮರುದಿನ ನೇರವಾಗಿ ಸಭಾಪಾಲಕರ ಮನೆಗೆ ಹೋಗಿ, ಸ್ತ್ರೀಯರ ಭಾನುವಾರ ತಾನು ಪಾಠ ಓದುವುದಿಲ್ಲ, ಅಷ್ಟೇ ಅಲ್ಲ, ಅಂದು ಚರ್ಚಿಗೇ ಬರುವುದಿಲ್ಲ ಎಂದು ಹೇಳಿ ಬಂದ.

ಅದು ಆಕೆಗೆ ತಿಳಿದದ್ದು ಸಭಾಪಾಲಕರಿಂದ. ಅವರು ತಲೆ ತಗ್ಗಿಸಿಕೊಂಡು, "ಅಮ್ಮ, ಅಣ್ಣನವರೇ ಪಾಠ ಓದ್ಬೇಕು ಅಂತ ನೀವು ಕೇಳಿದ್ರಿ. ಅವರು ಆಗಲ್ಲ ಅಂತಿದ್ದಾರೆ," ಎಂದರು. ಪ್ರಸಂಗಕ್ಕೆ ಒಪ್ಪಿಗೆ ಕೊಡುವಾಗ ಆಕೆ ಆರಿಸಿಕೊಂಡಿದ್ದ ಪಾಠ ಅದೇ ವಂದನೆಗಳ ಭಾಗ. ಗಂಡನ ಬಾಯಿಂದಲೇ ಅದು ಬರಲಿ ಎಂದು ಆಕೆಯ ಆಸೆ. ಮದುವೆಯಾದಾಗಿನಿಂದ ಇಬ್ಬರೂ ಜೊತೆಯಾಗಿ ನಡೆದುಕೊಂಡು ಹೋಗದ ಭಾನುವಾರ ಇರಲಿಲ್ಲ. ಹೆರಿಗೆಯಾದ ವಾರ ಬಿಟ್ಟರೆ.

ಅಂದು ಸಂಜೆ ಆಕೆ ಸೊಸೆಯ ಹತ್ತಿರ ಹೇಳಿಬಿಟ್ಟಳು: "ಬೇಡ ಕಣೇ. ಬೇರೆ ಯಾರಿಗಾದ್ರೂ ಹೇಳ್ಲಿ. ಇವರನ್ನ ಮನೇಲಿ ಬಿಟ್ಟು ನಾನು ಅಲ್ಲಿ ನಿಂತು ದೇವರ ಪ್ರೀತಿ ಬಗ್ಗೆ ಮಾತಾಡ್ಲಾ? ನಾಲಿಗೆ ಹೊರಳಲ್ಲ."

ಸೊಸೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವಳು ಚಾಕು ಕೆಳಗಿಟ್ಟಳು. "ಅತ್ತೆ, ಮಗ್ದಲದ ಮರಿಯಳಿಗೆ ಸ್ವಾಮಿ ಏನು ಹೇಳಿದ್ರು? ನಾನು ಸತ್ತು ಎದ್ದು ಬಂದಿದ್ದೀನಿ, ಹೋಗಿ ಶಿಷ್ಯರಿಗೆ ಹೇಳು ಅಂದ್ರು. ಅವಳು ಬಂದು ಹೇಳಿದಾಗ ಶಿಷ್ಯರು ನಂಬಿದ್ರಾ? ಹುಚ್ಚು ಮಾತು ಅಂದ್ರು. ಅಂತ ಅವಳು ವಾಪಸ್ ಹೋಗಿ, ಸ್ವಾಮಿ, ಬೇರೆ ಯಾರಿಗಾದ್ರೂ ಹೇಳಿ ಅಂದ್ಲಾ?"

ಆಕೆ ಬಿದ್ದ ಸಿಪ್ಪೆಗಳನ್ನು ಒಟ್ಟು ಮಾಡಿದಳು.

"ಅವಳು ನಮ್ಮ ಇಲಾಖೆಯವಳು ಅತ್ತೆ," ಸೊಸೆ ಮತ್ತೆ ಚಾಕು ಎತ್ತಿಕೊಂಡಳು. "ಪ್ರಕಟಣೆ ಮಾಡೋಳು. ಜನ ನಂಬಲಿ ಬಿಡಲಿ, ಗಾಡಿ ಬಂದಿದ್ದು ನಿಜ ಅಂದ್ಮೇಲೆ ಹೇಳ್ಬೇಕು. ನಾಳೆ ಶನಿವಾರ. ನೀವು ಕಸ ಗುಡಿಸೋಕೆ ಹೋಗ್ತೀರಲ್ಲ, ನಾನೂ ಬರ್ತೀನಿ."

ಈ ಅತ್ತೆ ಸೊಸೆಯರ ಬಗ್ಗೆ ನಾನು ಹೊಟ್ಟೆಕಿಚ್ಚು ಪಡುತ್ತೇನೆ. ಇವರಿಬ್ಬರ ಜಗಳ ಅಡುಗೆಮನೆಯಲ್ಲಿ ಡಬ್ಬಿ ಎಲ್ಲಿಡಬೇಕೆಂಬುದನ್ನು ದಾಟಿ ಎಂದೂ ಹೋಗಿರಲಿಲ್ಲ.

ಶನಿವಾರ ಚರ್ಚು ಖಾಲಿ. ಗುಡಿಸಿ ಒರೆಸಿ ಆದ ಮೇಲೆ ಆಕೆ ಪ್ರಸಂಗಪೀಠದ ಹಿಂದೆ ಹೋಗಿ ನಿಂತಳು. ಸೊಸೆ ಕೊನೆಯ ಬೆಂಚಿನಲ್ಲಿ, ಮೊಮ್ಮಗಳು ನಡುವಿನಲ್ಲಿ.

"ಮೈಕ್ ಬಾಯಿಗೆ ತಾಗಿಸ್ಬೇಡಿ ಅತ್ತೆ. ಒಂದು ಗೇಣು ದೂರ. ಒಂದು ಮಾತು ಮುಗಿದ್ಮೇಲೆ ಉಸಿರು ತಗೊಳ್ಳಿ. ಜನಕ್ಕೆ ಗಂಟು ಎತ್ಕೊಳ್ಳೋಕೆ ಟೈಮ್ ಬೇಕಲ್ಲ."

"ಪ್ರಿಯರೇ," ಎಂದಳು ಆಕೆ.

"ಅಜ್ಜೀ," ಮೊಮ್ಮಗಳು ಕೂಗಿದಳು, "ನೀನು ಕಾಣ್ತಾನೇ ಇಲ್ಲ! ಪೀಠ ಮಾತಾಡ್ತಿದೆ!"

ಮೂವರೂ ನಕ್ಕು ನಕ್ಕು ಸುಸ್ತಾದರು. ಪೀಠ ಎತ್ತರದ ಗಂಡಸರಿಗೆಂದು ಮಾಡಿದ್ದು. ಊಟದ ಹೊತ್ತಿನಲ್ಲಿ ಹುಡುಗಿ ಅದನ್ನು ತಾತನ ಮುಂದೆ ಮತ್ತೆ ಹೇಳಿ ನಕ್ಕಳು. ತಾತ ನಗಲಿಲ್ಲ. "ನಾನು ಹೇಳ್ಲಿಲ್ವಾ? ಕಾಣೋದೇ ಇಲ್ಲ ಅಂದ್ಮೇಲೆ ಮಾತೇನು," ಎಂದ. ಅಂದು ಆಕೆ ಎರಡನೇ ಸಲ ಅನ್ನ ಬೀಳಿಸಲಿಲ್ಲ. ಅವನು ಕೈ ಅಡ್ಡ ಹಿಡಿದು ಕಾದ, ಕಾದು ತೆಗೆದ.

ಇನ್ನು ಊಟದ ಪ್ರಶ್ನೆ ಉಳಿದಿತ್ತು. ಸಭೆಯ ಹಿರಿಯರು ಯಾರು ಬೇಯಿಸುತ್ತಾರೆಂದು ಕೇಳಿದಾಗ ಸ್ತ್ರೀಯರ ಕೂಟ ಒಂದೇ ಮಾತು ಹೇಳಿತು: "ಈ ವರ್ಷ ನಾವು ಪ್ರಸಂಗ ಪೂರ್ತಿ ಕೇಳ್ತೀವಿ." ಅಂದರೆ ಗಂಡಸರೇ ಬೇಯಿಸಬೇಕು. ಅದಕ್ಕೆ ಗಂಡಸರ ಒಂದು ಸಭೆ ಸೇರಿತು. ಯುದ್ಧಕ್ಕೆ ಹೊರಡುವವರಂತೆ ಮುಖ ಮಾಡಿಕೊಂಡು ಕೂತಿದ್ದರಂತೆ. ಅಕ್ವಿಲಣ್ಣ ಆ ಸಭೆಗೆ ಹೋದದ್ದು ಹಿರಿಯನೆಂಬ ಕಾರಣಕ್ಕೆ ಮಾತ್ರ; ಜೊತೆಗೆ ಮಗ. ಅಲ್ಲಿ ನಡೆದದ್ದನ್ನು ಮಗ ಮನೆಗೆ ಬಂದು, ಅಪ್ಪ ಕೆಳಗೆ ಅಂಗಡಿಯ ಬಾಗಿಲು ಹಾಕುತ್ತಿದ್ದಾಗ, ಅವಸರವಸರವಾಗಿ ಹೇಳಿದ.

"ಅಮ್ಮ, ಅಪ್ಪ ಇವತ್ತು ದೊಡ್ಡ ರಂಪ ಮಾಡಿಬಿಟ್ರು."

"ಅಯ್ಯೋ, ಅಡುಗೆ ಮಾಡಲ್ಲ ಅಂದ್ರಾ?"

"ಅದಲ್ಲ. ಆ ಹಾರ್ಡ್‌ವೇರ್ ಅಂಗಡಿಯವರು ಇದ್ದಾರಲ್ಲ, ಅವರು ನಗ್ತಾ ಕೇಳಿದ್ರು, ಅಕ್ವಿಲಣ್ಣ, ನಿಮ್ಮ ಹೆಂಡ್ತಿ ಪ್ರಸಂಗದಲ್ಲಿ ಏನು ಹೇಳ್ತಾರೆ, ಸೂಜಿಗೆ ದಾರ ಪೋಣಿಸೋದು ಹೇಗೆ ಅಂತಾನಾ ಅಂತ. ಎಲ್ಲರೂ ನಕ್ಕರು."

ಆಕೆಯ ಮುಖ ಬಾಡಿತು. "ಅಪ್ಪನೂ ನಕ್ರಾ?"

"ನಕ್ಕಿದ್ರೆ ರಂಪ ಯಾಕಾಗ್ತಿತ್ತು? ಎದ್ದು ನಿಂತ್ಕೊಂಡ್ರು. ನಿಮ್ಮ ಅಂಗಡಿ ಮುಂದಿನ ಟಾರ್ಪಾಲು ಯಾರು ಕತ್ತರಿಸಿದ್ದು ಗೊತ್ತೇನ್ರಿ? ಒಂದು ಹನಿ ನೀರು ಇಳಿದಿದೆಯಾ ಇವತ್ತಿನವರೆಗೆ? ಅವಳು ಕತ್ತರಿ ಇಟ್ಟ ಬಟ್ಟೆ ಒಂದೂ ನನ್ನ ಅಂಗಡಿಗೆ ವಾಪಸ್ ಬಂದಿಲ್ಲ. ಮಾತಾಡೋಕೆ ಮುಂಚೆ ಅವಳು ಎರಡು ಸಲ ಅಳತೆ ನೋಡ್ತಾಳೆ, ನಿಮ್ಮ ಹಾಗಲ್ಲ, ಅಂದ್ರು. ಕುರ್ಚಿ ಬಿದ್ದುಹೋಯ್ತು."

"ಆಮೇಲೆ?"

"ಆಮೇಲೇನು, ಅವರು ಕ್ಷಮೆ ಕೇಳಿದ್ರು. ಈರುಳ್ಳಿ ಹೆಚ್ಚೋ ಕೆಲಸ ಅವರಿಗೇ ಬಿತ್ತು."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎಲ್ಲರೂ ತಟ್ಟೆ ನೋಡುತ್ತಾ ಕೂತರು. ಅಕ್ವಿಲಣ್ಣ ಬಂದು ಕೂತ, ತಿಂದ, ಎರಡನೇ ಸಲಕ್ಕೆ ಕೈ ಅಡ್ಡ ಹಿಡಿದ. ಆಕೆ ಬೆರಳ ಸಂದಿಯಲ್ಲೇ ಒಂದು ಸೌಟು ಬೀಳಿಸಿದಳು. ಅವನು ಬೈಯಲಿಲ್ಲ. ಆದರೆ ಬರುತ್ತೇನೆಂದೂ ಹೇಳಲಿಲ್ಲ. ತನ್ನ ಹೆಂಡತಿಯನ್ನು ತಾನು ಬೈಯಬಹುದು, ಬೇರೆಯವನು ನಗಬಾರದು; ಅವನ ನ್ಯಾಯ ಅಲ್ಲಿಯವರೆಗೆ ಬಂದು ನಿಂತಿತ್ತು.

ಸ್ತ್ರೀಯರ ಭಾನುವಾರ ಬೆಳಿಗ್ಗೆ ಆಕೆ ಏಳುವಷ್ಟರಲ್ಲಿ ಹಾಸಿಗೆಯ ಆ ಬದಿ ಖಾಲಿ. ಅಂಗಡಿಯಲ್ಲಿಲ್ಲ, ಅಂಗಳದಲ್ಲಿಲ್ಲ. ಬಾಗಿಲ ಬಳಿ ಚಪ್ಪಲಿಯೂ ಇಲ್ಲ.

"ನಮ್ಮ ಮುಖ ನೋಡಬಾರ್ದು ಅಂತ ಎಲ್ಲೋ ಹೋಗಿದ್ದಾರೆ," ಎಂದಳು ಆಕೆ, ಬಿಳಿ ಸೀರೆಯ ನೆರಿಗೆ ಹಿಡಿಯುತ್ತಾ. ಕಣ್ಣಲ್ಲಿ ನೀರು ಬಂತು. "ಇರಲಿ. ನಡೀರಿ. ಮಾತು ಕೊಟ್ಟಿದ್ದೀನಿ."

ಆರಾಧನೆಗೆಂದು ಆ ದಾರಿಯಲ್ಲಿ ಆಕೆ ಗಂಡನಿಲ್ಲದೆ ನಡೆದದ್ದು ಅದೇ ಮೊದಲು. ಸೊಸೆ ಒಂದು ಕೈ ಹಿಡಿದಿದ್ದಳು, ಮೊಮ್ಮಗಳು ಇನ್ನೊಂದು. ಮಗ ಆಗಲೇ ಅಡುಗೆಗೆ ಓಡಿದ್ದ. ಚರ್ಚಿನ ಹಿಂದಿನಿಂದ ಹೊಗೆ, ಗಂಡಸರ ಕೂಗಾಟ, ಏನೋ ಸೀದ ವಾಸನೆ.

ಆರಾಧನೆ ಶುರುವಾಯಿತು. ಹಾಡು ಮುಗಿಯಿತು. "ಇವತ್ತಿನ ವೇದಪಾಠ," ಎಂದು ಸಭಾಪಾಲಕರು ಹೇಳಿ, ಪಕ್ಕದ ಬಾಗಿಲ ಕಡೆ ನೋಡಿದರು. ಅಲ್ಲಿಂದ ಅಕ್ವಿಲಣ್ಣ ಬಂದ. ತೋಳು ಮಡಿಸಿದ ಅಂಗಿ, ಸೊಂಟಕ್ಕೆ ಟಾರ್ಪಾಲಿನ ತುಂಡು ಕಟ್ಟಿಕೊಂಡಿದ್ದ, ಮುಖಕ್ಕೆಲ್ಲ ಒಲೆಯ ಬಿಸಿ. ಪುಸ್ತಕ ತೆರೆದ. ಗಂಟಲು ಸರಿಮಾಡಿಕೊಂಡ. ಗಂಭೀರ ಕಂಠ ಕೊನೆಯ ಬೆಂಚಿಗೂ ಮುಟ್ಟಿತು.

"ಅಕ್ವಿ..." ಎಂದು ನಿಂತ.

ಮೊಮ್ಮಗಳು ಉಸಿರು ಬಿಗಿಹಿಡಿದಳು. ನಾಲಿಗೆಯ ಹಳೆಯ ಚಾಳಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅವನು ಕನ್ನಡಕ ಮೂಗಿನ ಮೇಲೆ ಏರಿಸಿ, ಬೆರಳನ್ನು ಸಾಲಿನ ಮೇಲೆ ಇಟ್ಟು, ಅಕ್ಷರ ಕಲಿಯುವ ಮಗುವಿನಂತೆ, ಮೊದಲಿನಿಂದ ಓದಿದ. ಪ್ರಿಸ್ಕಿಲ್ಲಳ ಹೆಸರು ಮೊದಲು. ಅಕ್ವಿಲನದು ಆಮೇಲೆ. ಇಬ್ಬರೂ ಪೌಲನ ಜೊತೆ ಕೆಲಸ ಮಾಡಿದವರು, ಅವನ ಪ್ರಾಣಕ್ಕಾಗಿ ತಮ್ಮ ಕತ್ತು ಒಡ್ಡಿದವರು, ತಮ್ಮ ಮನೆಯಲ್ಲೇ ಸಭೆ ಸೇರಿಸಿದವರು. ಓದಿ ಮುಗಿಸಿ, ಹೆಂಡತಿಯ ಕಡೆ ನೋಡದೆ, ಬಂದ ಬಾಗಿಲಿನಿಂದಲೇ ಒಲೆಯ ಕಡೆ ಹೋದ.

ಆಕೆ ಎದ್ದು ಪೀಠದ ಹಿಂದೆ ಹೋದಳು. ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದಳು. ಅಂಗಡಿಯ ಮಣೆ. ಬೆಳಗಿನ ಹೊತ್ತು ಯಾರೂ ಏಳುವ ಮೊದಲು ಗಂಡ ತಂದಿಟ್ಟಿದ್ದ. ಅಲುಗಾಡದಿರಲೆಂದು ಒಂದು ಕಾಲಿನ ಕೆಳಗೆ ಕ್ಯಾನ್ವಾಸಿನ ಚೂರು ಮಡಿಸಿ ತುರುಕಿದ್ದ.

ಆಕೆ ಮಣೆ ಹತ್ತಿದಳು. ಸವೆದ ಜಾಗದಲ್ಲಿ ಪಾದ ಸರಿಯಾಗಿ ಕೂತಿತು. ಈಗ ಸಭೆಗೆ ಆಕೆ ಪೂರ್ತಿ ಕಂಡಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಈ ಪೀಠ ನನಗೆ ಹೊಸದಲ್ಲ," ಎಂದು ಶುರುಮಾಡಿದಳು. "ಇದರ ಹೊದಿಕೆಯ ಒಳಗಡೆ ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ನನಗೊಬ್ಬಳಿಗೇ ಗೊತ್ತು." ಜನ ನಕ್ಕರು. ಆ ನಗುವಿನಲ್ಲಿ ಕುಹಕ ಇರಲಿಲ್ಲ.

ಆಮೇಲೆ ಆಕೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಕ್ಕಾಗುವುದಿಲ್ಲ, ಬರೆದರೂ ಆ ದನಿ ಬರುವುದಿಲ್ಲ. ಮೋಶೆಯ ಕಾಲದಲ್ಲಿ ದೇವರಿಗೆ ಗುಡಾರ ಮಾಡಬೇಕಾದಾಗ ಆಡಿನ ಕೂದಲು ನೂತವರು ಹೆಂಗಸರು ಎಂದಳು. "ಆಡಿನ ಕೂದಲು ಒರಟು. ನೂಲೋವಾಗ ಬೆರಳು ಸುಲಿಯುತ್ತೆ. ದೇವರು ಜನರ ನಡುವೆ ಬಂದು ಇಳಿದಾಗ ಆತನ ತಲೆ ಮೇಲಿದ್ದ ಬಟ್ಟೆ ಆ ಹೆಂಗಸರ ಬೆರಳಿಂದ ಬಂದಿದ್ದು. ಅವರ ಹೆಸರು ಯಾರೂ ಬರೆದಿಡಲಿಲ್ಲ. ಪರವಾಗಿಲ್ಲ, ದೇವರು ಅದರೊಳಗೆ ಕೂತಿದ್ರಲ್ಲ, ಗೊತ್ತಿರುತ್ತೆ." ದೊರ್ಕಳ ಅಂಗಿಗಳ ಮಾತು ಬಂತು. ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಪೌಲನನ್ನು ಬಲವಂತ ಮಾಡಿ ಮನೆಗೆ ಕರೆದದ್ದು ಬಂತು. "ಅವಳು ಬಾಗಿಲು ತೆಗೀದೇ ಇದ್ದಿದ್ರೆ ಆ ಊರಲ್ಲಿ ಸಭೆ ಎಲ್ಲಿ ಕೂರ್ತಿತ್ತು?" ಎಂದಳು. ಸ್ವಾಮಿ ಮನೆಗೆ ಬಂದಾಗ ಉಪದೇಶ ಕೇಳದೆ ಒಲೆಯ ಮುಂದಿದ್ದ ಮಾರ್ಥಳನ್ನೂ ಬಿಡಲಿಲ್ಲ. "ಮಾರ್ಥಳನ್ನ ಬೈದ ಪ್ರಸಂಗ ನಾನು ಬೇಕಾದಷ್ಟು ಕೇಳಿದ್ದೀನಿ, ಅರ್ಧರ್ಧ. ಸ್ವಾಮಿ, ನೀನು ಲೋಕಕ್ಕೆ ಬರಬೇಕಾದ ದೇವಕುಮಾರ ಅಂತ ಬಾಯಿಬಿಟ್ಟು ಹೇಳಿದ್ದೂ ಅದೇ ಮಾರ್ಥ. ಸೌಟು ಹಿಡಿದ ಕೈಯವಳಿಗೆ ಬಾಯಿಲ್ಲ ಅಂತ ಯಾರು ಹೇಳಿದ್ದು?"

ಕೊನೆಯಲ್ಲಿ ಒಂದೇ ಮಾತು ಹೇಳಿದಳು. "ಪ್ರಿಸ್ಕಿಲ್ಲ ಮುಂದೆ, ಅಕ್ವಿಲ ಹಿಂದೆ ಅಂತ ಪೌಲ ಬರೆದದ್ದು ಯಾಕೋ ನನಗೆ ಗೊತ್ತಿಲ್ಲ. ಆದರೆ ದಪ್ಪ ಬಟ್ಟೆ ಹೊಲಿಯೋದು ನನಗೆ ಗೊತ್ತು. ಒಬ್ಬರು ಎಳೆದು ಹಿಡೀಬೇಕು, ಒಬ್ಬರು ಸೂಜಿ ಹಾಕ್ಬೇಕು. ಹಿಡಿಯೋರು ಬಿಟ್ಟುಬಿಟ್ರೆ ಹೊಲಿಗೆ ಡೊಂಕು. ಇವತ್ತು ನನಗೆ ಬಟ್ಟೆ ಎಳೆದು ಹಿಡಿದವರು ಹಿಂದುಗಡೆ ಅನ್ನ ಬಸೀತಿದ್ದಾರೆ."

ಅಡುಗೆ ಜಾಗದ ಕಿಟಕಿಯ ಹೊರಗೆ ಗಂಡಸರೆಲ್ಲ ಒತ್ತಾಗಿ ನಿಂತು ಕೇಳುತ್ತಿದ್ದರು. ಅನ್ನವನ್ನು ಯಾರೂ ನೋಡುತ್ತಿರಲಿಲ್ಲ. ಅದು ತಳ ಹಿಡಿದದ್ದು ಆಗಲೇ.

ಊಟದ ಸಾಲಿನಲ್ಲಿ ಹೆಂಗಸರು ಮೊದಲು ನಿಂತರು. ಕೋಳಿಗೆ ಉಪ್ಪು ಜಾಸ್ತಿ, ತರಕಾರಿ ಅರೆಬೆಂದಿತ್ತು. ಎಲ್ಲರೂ ಚೆನ್ನಾಗಿದೆ ಎಂದರು. ದೇವರ ಮನೆಯ ಅಂಗಳದಲ್ಲಿ ಇಷ್ಟು ಸುಳ್ಳು ಒಟ್ಟಿಗೆ ಹಿಂದೆಂದೂ ಬಂದಿರಲಾರದು. "ಪ್ರಿಸ್ಕಿಲ್ಲಕ್ಕ, ಇಲ್ಲಿ ಬನ್ನಿ, ಇಲ್ಲಿ ಕೂತ್ಕೊಳ್ಳಿ," ಎಂದು ಒಬ್ಬಳು ಕರೆದಳು. ಇನ್ನೊಬ್ಬಳೂ ಹಾಗೇ ಕರೆದಳು. ಮದುವೆಯ ದಿನ ಕಳೆದುಹೋದ ಹೆಸರು ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಬಂತು.

ಅಕ್ವಿಲಣ್ಣ ಅನ್ನದ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದ. ಹೆಂಡತಿ ತಟ್ಟೆ ಹಿಡಿದು ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನು ಒಂದು ಸೌಟು ಹಾಕಿದ.

"ಸಾಕು," ಎಂದು ಆಕೆ ತಟ್ಟೆಗೆ ಕೈ ಅಡ್ಡ ಹಿಡಿದಳು.

ಅವನು ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಬೀಳಿಸಿದ. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಆಕೆ ಕೈಗಂಟಿದ ಅನ್ನ ಕೊಡವುತ್ತಾ, ಬೈಯುತ್ತಾ ಮುಂದೆ ಹೋದಳು.

ಹಿಂದೆ ನಿಂತಿದ್ದವಳು ಸಭೆಗೆ ಹೊಸಬಳು, ಯಾರ ಜೊತೆಗೋ ಅಂದೇ ಮೊದಲು ಬಂದವಳು. ತಟ್ಟೆ ಚಾಚಿ ಕೇಳಿದಳು: "ಎಷ್ಟು ಚೆನ್ನಾಗಿ ಮಾತಾಡಿದ್ರು ಅವರು! ನೀವು ಅವರ ಕಡೆಯವರಾ? ಯಾರು ನೀವು?"

ಪಕ್ಕದಲ್ಲಿ ಈರುಳ್ಳಿಯಿಂದ ಕಣ್ಣು ಕೆಂಪಾಗಿದ್ದ ಹಾರ್ಡ್‌ವೇರ್ ಅಂಗಡಿಯವನು, "ಗೊತ್ತಿಲ್ವಾ, ಇವರು ನಮ್ಮ ಅಕ್ವಿ..." ಎಂದು ಬಾಯಿ ತೆರೆದ.

ಅಕ್ವಿಲಣ್ಣ ಸೌಟು ಎತ್ತಿ ಅವನನ್ನು ತಡೆದ.

"ನಾನು ಪ್ರಿಸ್ಕಿಲ್ಲಕ್ಕನ ಗಂಡ," ಎಂದ, ಕೊನೆಯ ಬೆಂಚಿಗೂ ಕೇಳಿಸುವ ಕಂಠದಲ್ಲಿ. "ತಟ್ಟೆ ಸರಿಯಾಗಿ ಹಿಡೀರಮ್ಮ, ಅನ್ನ ಬಿಸಿ ಇದೆ."